ಎರಡೂವರೆ ಲಕ್ಷ ಮೊದಲು ಎಲ್ಲಿಗೆ? ಹವಳ ಸಂರಕ್ಷಣೆಗೆ ಹೊರಟ ಸಕಲೇಶಪುರದ ವಿದ್ಯಾರ್ಥಿನಿಯ ಪ್ರಕರಣ

ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರ ಮನೆ. ಮಗಳು ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಳೆ, ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. ಹವಳದ ದಿಬ್ಬಗಳನ್ನು, ಅಂದರೆ ಹವಳವೆಂಬ ಸಣ್ಣ ಕಡಲ ಜೀವಿಗಳು ಕಟ್ಟುವ ಕೋರಲ್ ರೀಫ್‌ಗಳನ್ನು, ಕಾಯುವ ಕೆಲಸವನ್ನೇ ಹಿಡಿಯಬೇಕೆಂದು ನಿಶ್ಚಯಿಸಿದ್ದಾಳೆ. ಈಜು ಬರುವುದಿಲ್ಲ. ಸಮುದ್ರ ನೋಡಿದ್ದು ಶಾಲಾ ಪ್ರವಾಸದಲ್ಲಿ, ಮುರುಡೇಶ್ವರದ ದಡದಿಂದ. ಅವಳ ಮುಂದಿನ ಓದಿಗೆಂದು ಮನೆಯವರು ಎತ್ತಿಟ್ಟಿರುವ ಹಣ 2.5 ಲಕ್ಷ ರೂಪಾಯಿ. ಈ ನಡುವೆ ವಿದೇಶದ ದ್ವೀಪವೊಂದರಲ್ಲಿ ನಾಲ್ಕು ವಾರದ ‘ಕಡಲ ಸಂರಕ್ಷಣಾ ಇಂಟರ್ನ್‌ಶಿಪ್’ ಕೊಡುತ್ತೇವೆ, ಡೈವಿಂಗ್ ಕಲಿಸಿ ಹವಳ ನೆಡಿಸುತ್ತೇವೆ ಎಂದು ಒಂದು ಸಂಸ್ಥೆ ಕರೆದಿದೆ. ವಿಮಾನದ ಟಿಕೆಟ್ಟೂ ಸೇರಿದರೆ ಹಣವೆಲ್ಲ ಅಲ್ಲಿಗೇ ಮುಗಿಯುತ್ತದೆ. ಅಪ್ಪನ ಪ್ರಶ್ನೆ ನೇರವಾಗಿದೆ: “ನೀರೊಳಗೆ ಹೋಗಿ ಹವಳ ನೋಡೋಕೆ ಯಾರು ಸಂಬಳ ಕೊಡ್ತಾರೆ ಮಗಾ?”

ಇದು ಯಾರೋ ಒಬ್ಬಳ ಜೀವನಚರಿತ್ರೆಯಲ್ಲ. ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ದಾರಿಗೆ ಬರುವವರಿಗೆ ಎದುರಾಗುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಖರ್ಚಿನ ಅಂಕಿಗಳು ಅಂದಾಜಿನವು.

ಸಂಬಳ ಕೊಡುವವರು ಯಾರು

ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡುವುದು ಸರಿ. ಭಾರತದಲ್ಲಿ ಹವಳದ ದಿಬ್ಬಗಳು ಮುಖ್ಯವಾಗಿ ನಾಲ್ಕು ಕಡೆ ಇವೆ: ಅಂಡಮಾನ್–ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ. ಕರ್ನಾಟಕದ ಪಾಲಿಗೆ ಇರುವುದು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಚಿಕ್ಕ ಹರವು. ಕಛ್ ಕೊಲ್ಲಿಯ ಕಡಲ ರಾಷ್ಟ್ರೀಯ ಉದ್ಯಾನ 1982ರದು, ದೇಶದಲ್ಲಿ ಮೊದಲನೆಯದು. ಅಂಡಮಾನಿನ ವಂಡೂರು 1983ರದು. 21 ದ್ವೀಪಗಳ ಮನ್ನಾರ್ ಕೊಲ್ಲಿ ಉದ್ಯಾನ 1986ರದು. ಇವನ್ನು ನಡೆಸುವುದು ಅರಣ್ಯ ಇಲಾಖೆ. ಕಡಲ ವನ್ಯಧಾಮದ ಅಧಿಕಾರಿ ಎಂದರೆ ಮೂಲತಃ ಅರಣ್ಯಾಧಿಕಾರಿಯೇ ಎಂಬುದು ನಮ್ಮ ಕಡೆಯ ವಿದ್ಯಾರ್ಥಿಗಳ ಲೆಕ್ಕಕ್ಕೆ ಬರುವುದೇ ಇಲ್ಲ.

ಎರಡನೇ ಬಾಗಿಲು ಸಂಶೋಧನೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ, ಪೋರ್ಟ್ ಬ್ಲೇರ್‌ನಲ್ಲಿರುವ (ಊರಿನ ಈಗಿನ ಹೆಸರು ಶ್ರೀ ವಿಜಯ ಪುರಂ) ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೇಂದ್ರ, ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಇವೆಲ್ಲ ಸರ್ಕಾರಿ ಸಂಸ್ಥೆಗಳು. ಸರ್ಕಾರೇತರ ಸಂಸ್ಥೆಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಲಕ್ಷದ್ವೀಪದ ದಿಬ್ಬಗಳನ್ನು ಬಹುಕಾಲದಿಂದ ಅಭ್ಯಸಿಸುತ್ತಿದೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅಂಡಮಾನ್ ಮತ್ತು ಲಕ್ಷದ್ವೀಪ ಎರಡರಲ್ಲೂ ಇದೆ. ತೂತ್ತುಕುಡಿಯ ಸುಗಂತಿ ದೇವದಾಸನ್ ಕಡಲ ಸಂಶೋಧನಾ ಸಂಸ್ಥೆ ಮನ್ನಾರ್ ಕೊಲ್ಲಿಯಲ್ಲಿ ಕೆಲಸ ಮಾಡುತ್ತದೆ. ಸಿ.ಎಸ್.ಐ.ಆರ್.–ಯು.ಜಿ.ಸಿ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾಗಿ ಜೆ.ಆರ್.ಎಫ್. (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ನೆಟ್ ಇಲ್ಲದೆ ಯೋಜನಾ ಸಹಾಯಕರಾಗಿ ಸೇರುವವರಿಗೆ ಇದಕ್ಕಿಂತ ಕಡಿಮೆ. ಆ ಕೆಲಸವೂ ಯೋಜನೆಯ ಅವಧಿ ಮುಗಿಯುವವರೆಗೆ ಮಾತ್ರ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಬೇಕು. ಪಿಎಚ್.ಡಿ. ಮುಗಿಯುವವರೆಗೂ ಕಾಯಂ ಕೆಲಸ ಸಿಗದೇ ಹೋಗಬಹುದು.

ಈ ಎಲ್ಲ ಕಡೆ ಆಯ್ಕೆಗೆ ಕೂರುವವರು ಡೈವಿಂಗ್ ಕಾರ್ಡನ್ನು ಕೊನೆಗೆ ನೋಡುತ್ತಾರೆ. ಅವರಿಗೆ ಮೊದಲು ಬೇಕಾದದ್ದು ಸರಿಯಾಗಿ ಅಳೆಯಲು, ಅಳೆದದ್ದನ್ನು ಲೆಕ್ಕ ಹಾಕಲು, ದೋಣಿಯವರ ಜೊತೆ ಮಾತಾಡಲು ಬರುವ ವ್ಯಕ್ತಿ. ಡೈವಿಂಗ್ ವಾರದೊಳಗೆ ಕಲಿಸಿಕೊಡಬಹುದಾದದ್ದು. ಅಳೆಯುವ ಕೈ ಪಳಗಲು ವರ್ಷಗಳು ಬೇಕು.

ವಿದೇಶದ ಕರೆಗೆ ಈಗ ಯಾಕೆ ಬೇಡ

ಈಜು ಬಾರದವಳು ನಾಲ್ಕು ವಾರಕ್ಕೆ ಹೋದರೆ ಮೊದಲ ಎರಡು ವಾರ ನೀರಿನ ಭಯ ಬಿಡಿಸುವುದರಲ್ಲೇ ಕಳೆಯುತ್ತದೆ. ಉಳಿದ ಎರಡು ವಾರದಲ್ಲಿ ತೇಲುವಿಕೆ ಹದಕ್ಕೆ ಬರುವುದಿಲ್ಲ. ಹದವಿಲ್ಲದ ಡೈವರ್‌ನ ಕಾಲಿನ ಫಿನ್ (ಈಜುರೆಕ್ಕೆ) ತಗುಲಿ ಮುರಿಯುವುದು ಹವಳವೇ. ಅಲ್ಲಿ ಸಿಗುವ ಪ್ರಮಾಣಪತ್ರಕ್ಕೆ ಇಲ್ಲಿನ ಎಂ.ಎಸ್ಸಿ. ಪ್ರವೇಶದಲ್ಲಿ ಅಂಕವಿಲ್ಲ.

ಇನ್ನೊಂದು ಕಾರಣ ಕಾನೂನಿನದು, ತೂಕ ಇದಕ್ಕೇ ಹೆಚ್ಚು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ (ಷೆಡ್ಯೂಲ್). ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ದಡಕ್ಕೆ ಬಿದ್ದ ಸತ್ತ ತುಂಡನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧ. ಶಿಕ್ಷೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆ. ಹವಳದ ತುಣುಕನ್ನು ಮುರಿದು ಚೌಕಟ್ಟಿಗೆ ಕಟ್ಟಿ ಬೆಳೆಸುವ ಕೆಲಸವನ್ನು ಇಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆದ ಸಂಸ್ಥೆ ಮಾತ್ರ ಮಾಡಬಹುದು. ವನ್ಯಧಾಮದೊಳಗೆ ಅಧ್ಯಯನಕ್ಕೆಂದು ಕಾಲಿಡಲು 28ನೇ ಕಲಮಿನಡಿ ಪರವಾನಗಿ ಬೇಕು, ಅನುಸೂಚಿಗೆ ಸೇರಿದ ಜೀವಿಯ ಮಾದರಿ ತೆಗೆಯಲು 12ನೇ ಕಲಮಿನಡಿ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಎಂ.ಎಸ್ಸಿ. ಪ್ರಬಂಧಕ್ಕೆ ಜನವರಿಯಲ್ಲಿ ಕ್ಷೇತ್ರಕಾರ್ಯ ಇಟ್ಟುಕೊಂಡು ನವೆಂಬರಿನಲ್ಲಿ ಅರ್ಜಿ ಹಾಕಿದವರ ಕೆಲಸ ಇಲ್ಲೇ ಕೆಡುತ್ತದೆ. ಲಕ್ಷದ್ವೀಪಕ್ಕಾದರೆ ಇದರ ಮೇಲೆ ದ್ವೀಪ ಪ್ರವೇಶದ ಪರವಾನಗಿಯೂ ಬೇರೆ ಬೇಕು.

ಹಳ್ಳದ ಬಂಡೆಯ ಮೇಲೆ ಮೊದಲ ಟ್ರಾನ್ಸೆಕ್ಟ್

ಹಾಗಾದರೆ ಈ ವರ್ಷ ಮಾಡುವುದೇನು? ದಿಬ್ಬದಲ್ಲಿ ಬಳಸುವ ಅಳತೆಯ ಕ್ರಮವನ್ನು ಮನೆಯ ಹಿಂದಿನ ಹಳ್ಳದಲ್ಲೇ ಕಲಿಯಬಹುದು. ರೀಫ್ ಚೆಕ್ ಎಂಬ ಕ್ರಮವನ್ನು ಜಗತ್ತಿನ ಬಹಳ ಕಡೆ ಬಳಸುತ್ತಾರೆ. ಒಂದೇ ಆಳದಲ್ಲಿ 100 ಮೀಟರ್ ಟೇಪ್ ಹಾಸಿ (ಈ ಅಳತೆಯ ಸಾಲೇ ಟ್ರಾನ್ಸೆಕ್ಟ್), ಅದರಲ್ಲಿ 20 ಮೀಟರಿನ ನಾಲ್ಕು ತುಂಡು ಗುರುತಿಸುತ್ತಾರೆ, ನಡುನಡುವೆ 5 ಮೀಟರ್ ಖಾಲಿ ಬಿಡುತ್ತಾರೆ. ಪ್ರತಿ ಅರ್ಧ ಮೀಟರಿಗೆ ಟೇಪಿನ ನೇರ ಕೆಳಗೆ ಏನಿದೆ ಎಂದು ಬರೆಯುತ್ತಾರೆ: ಗಟ್ಟಿ ಹವಳ, ಮೃದು ಹವಳ, ಇತ್ತೀಚೆಗೆ ಸತ್ತ ಹವಳ, ಪಾಚಿ, ಬಂಡೆ, ಮರಳು, ಹೀಗೆ. ತುಂಡಿಗೆ 40 ಬಿಂದು, ಒಟ್ಟು 160.

ಹಳ್ಳದಲ್ಲಿ ವರ್ಗಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ. ಬರಿ ಬಂಡೆ, ಪಾಚಿ ಹಿಡಿದ ಬಂಡೆ, ಹಾವಸೆ, ಕೊಳೆತ ಎಲೆ, ಜಲ್ಲಿ, ಮರಳು, ಕೆಸರು ಎಂದು ಏಳು ವರ್ಗ ಸಾಕು. ನೀರು ಮೊಣಕಾಲಿಗಿಂತ ಕೆಳಗೆ, ತಿಳಿಯಾಗಿ ಇರಬೇಕು. ನಮ್ಮ ಕಡೆ ಡಿಸೆಂಬರಿನಿಂದ ಮಾರ್ಚಿನ ಹೂಮಳೆಯವರೆಗೆ ಇದಕ್ಕೆ ಒಳ್ಳೆಯ ಕಾಲ. ಕಾಫಿ ಕೊಯ್ಲಿನ ಕಾಲವೂ ಅದೇ ಆದ್ದರಿಂದ ಭಾನುವಾರಕ್ಕೆ ಒಂದು ಟ್ರಾನ್ಸೆಕ್ಟ್ ಎಂದಿಟ್ಟುಕೊಳ್ಳಬೇಕು. ಬೇಕಾದ ಸಾಮಾನು ಕಟ್ಟಡದವರು ಬಳಸುವ ಫೈಬರ್ ಟೇಪ್, ಟೇಪಿನ ತುದಿ ಕಟ್ಟಲು ಎರಡು ಗೂಟ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಬಿಂದು ನೋಡಲು ಒಂದು ತೂಗುಗುಂಡು, ಬಿಳಿ ಪಿ.ವಿ.ಸಿ. ಹಲಗೆ, ಪೆನ್ಸಿಲ್. ಹಲಗೆಯನ್ನು ಉಪ್ಪುಕಾಗದದಲ್ಲಿ ಒಮ್ಮೆ ಉಜ್ಜಿದರೆ ನೀರೊಳಗೂ ಪೆನ್ಸಿಲ್ ಹಿಡಿಯುತ್ತದೆ.

ತಪ್ಪುವುದು ಎಲ್ಲಿ? ಟೇಪು ಸಡಿಲವಾಗಿದ್ದರೆ ನೀರಿನ ಸೆಳೆತಕ್ಕೆ ಬಿಲ್ಲಿನಂತೆ ಬಾಗಿ, ಬಿಂದುಗಳೆಲ್ಲ ಕೆಳಗೆ ಸರಿಯುತ್ತವೆ. ಚೆನ್ನಾಗಿ ಕಾಣುವ ಪಾಚಿಯ ಕಡೆಗೆ ಕಣ್ಣು ತಾನೇ ವಾಲುತ್ತದೆ. ತೂಗುಗುಂಡು ಇರುವುದು ಅದನ್ನು ತಡೆಯಲು. ವರ್ಗದ ಗಡಿಗಳನ್ನು ಮೊದಲೇ ಬರೆದಿಡದಿದ್ದರೆ ಬೆಳಿಗ್ಗೆ ‘ಹಾವಸೆ’ ಎಂದದ್ದು ಮಧ್ಯಾಹ್ನ ‘ಪಾಚಿ’ ಆಗಿರುತ್ತದೆ. ಅದಕ್ಕೇ ಒಂದೇ ಟೇಪನ್ನು ಇಬ್ಬರು ಬೇರೆ ಬೇರೆಯಾಗಿ ಓದಿ, 160 ಬಿಂದುಗಳಲ್ಲಿ ಎಷ್ಟರಲ್ಲಿ ಹೊಂದಿಕೆ ಇದೆ ಎಂದು ನೋಡಬೇಕು. ಹತ್ತರಲ್ಲಿ ಒಂಬತ್ತಾದರೂ ಹೊಂದುವವರೆಗೆ ಅಭ್ಯಾಸ ನಡೆಯಲಿ.

ಮುಂದಿನದು ಲೆಕ್ಕ. ಈ ಇಡೀ ವೃತ್ತಿಯ ಮರ್ಮ ಇರುವುದು ಇಲ್ಲೇ ಎಂಬುದು ನಮ್ಮ ಅಭಿಪ್ರಾಯ. 160ರಲ್ಲಿ 56 ಬಿಂದು ಜೀವಂತ ಹವಳ ಬಂದರೆ ಶೇ 35. ಮುಂದಿನ ವರ್ಷ 50 ಬಂದರೆ ಶೇ 31. ಹವಳ ಕಡಿಮೆಯಾಯಿತೆಂದು ಬರೆಯಬಹುದೇ? ಬಿಂದುಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೂ ಶೇ 35ರ ಪ್ರಮಾಣಿತ ದೋಷ, ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದೆಂಬ ಅಂದಾಜು, ಸುಮಾರು 3.8. ಎರಡು ವರ್ಷದ ಅಳತೆಗಳ ನಡುವೆ ಶೇಕಡಾ ಹತ್ತು ಅಂಶದಷ್ಟು ಏರುಪೇರು ಬರೀ ಆಕಸ್ಮಿಕವಾಗಿಯೂ ಬರಬಹುದು. ನಿಜದಲ್ಲಿ ಹವಳ ಗುಂಪುಗುಂಪಾಗಿ ಬೆಳೆಯುವುದರಿಂದ ಅನಿಶ್ಚಿತತೆ ಇನ್ನೂ ಹೆಚ್ಚು. ಆದ್ದರಿಂದ ನಾಲ್ಕು ತುಂಡುಗಳನ್ನು ನಾಲ್ಕು ಬೇರೆ ಅಳತೆಗಳೆಂದು ಹಿಡಿದು ಅವುಗಳ ನಡುವಿನ ವ್ಯತ್ಯಾಸವನ್ನೂ ವರದಿ ಮಾಡಬೇಕು. ಲಕ್ಷದ್ವೀಪದಲ್ಲಿ 1998ರಿಂದ 2022ರವರೆಗೆ ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಇಂದು ಧೈರ್ಯದಿಂದ ಹೇಳಲು ಸಾಧ್ಯವಾಗಿರುವುದು ಅದೇ ದಿಬ್ಬಗಳಿಗೆ ಅದೇ ಕ್ರಮದಲ್ಲಿ ಮತ್ತೆ ಮತ್ತೆ ಹೋಗಿ ಅಳೆದವರಿಂದ.

ಹಳ್ಳದಲ್ಲಿ ಕಲಿಯಲಾಗದ ಒಂದು ಸಂಗತಿ ಇದೆ: ಬಿಳಿಚಿದ ಹವಳಕ್ಕೂ ಸತ್ತ ಹವಳಕ್ಕೂ ಇರುವ ವ್ಯತ್ಯಾಸ. ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು 1 ಡಿಗ್ರಿ ಸೆಲ್ಸಿಯಸ್ ಮೇಲೇರಿ ವಾರಗಟ್ಟಲೆ ನಿಂತರೆ ಹವಳ ತನ್ನೊಳಗಿನ ಸೂಕ್ಷ್ಮ ಪಾಚಿಯನ್ನು ಹೊರಹಾಕುತ್ತದೆ. ಅಂಗಾಂಶ ಪಾರದರ್ಶಕವಾಗಿ ಉಳಿದು ಕೆಳಗಿನ ಸುಣ್ಣದ ಗೂಡು ಬೆಳ್ಳಗೆ ಹೊಳೆಯುತ್ತದೆ. ಆಗಿನ್ನೂ ಅದು ಬದುಕಿದೆ, ನೀರು ತಣಿದರೆ ಚೇತರಿಸಿಕೊಳ್ಳಬಹುದು. ಸತ್ತದ್ದರ ಮೇಲೆ ಕೆಲವು ದಿನ, ವಾರಗಳಲ್ಲಿ ಪಾಚಿಯ ತೆಳುಪದರ ಕೂರುತ್ತದೆ. ಹೊಸಬರು ಬಿಳಿಯದನ್ನೆಲ್ಲ ‘ಸತ್ತದ್ದು’ ಎಂದು ಬರೆದು ಇಡೀ ವರದಿಯನ್ನು ಕೆಡಿಸುತ್ತಾರೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಬಣ್ಣದ ಪಟ್ಟಿ ಇದಕ್ಕೆ ನೆರವಾಗುತ್ತದೆ. ಬಣ್ಣದ ಗಾಢತೆಯನ್ನು 1ರಿಂದ 6ರವರೆಗೆ ಗುರುತಿಸಬಹುದು. ಚಿತ್ರಗಳನ್ನಿಟ್ಟುಕೊಂಡು ಮನೆಯಲ್ಲೇ ಕಣ್ಣು ಪಳಗಿಸಬಹುದು.

ರಾಮನಾಥಪುರದಲ್ಲಿ ವನ್ಯಧಾಮದ ಪಾಠ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿ ಮತ್ಸ್ಯಧಾಮ ಇದೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಭಕ್ತರು ಕಡ್ಲೆಪುರಿ ಎಸೆಯುತ್ತಾರೆ. ಚಿಕ್ಕಮಗಳೂರು ಕಡೆಯವರಿಗೆ ಶೃಂಗೇರಿಯ ತುಂಗಾ ತೀರ ಇದೇ ಬಗೆಯದು. ರಕ್ಷಿತ ನೀರು ಎಂದರೇನು, ಅದರ ಗಡಿಯಾಚೆ ಏನಾಗುತ್ತದೆ, ನಿಯಮವನ್ನು ಜನ ಪಾಲಿಸುವುದು ಯಾಕೆ ಎಂಬ ಪ್ರಶ್ನೆಗಳು ಸಮುದ್ರದಲ್ಲಿರುವಂತೆಯೇ ಇಲ್ಲಿಯೂ ಇವೆ.

ಮೀನುಗಾರಿಕೆ ಇಲಾಖೆಗೂ ದೇವಸ್ಥಾನದವರಿಗೂ ಮೊದಲೇ ಪತ್ರ ಕೊಟ್ಟು, ನೀರಿಗಿಳಿಯದೆ ಮೆಟ್ಟಿಲ ಮೇಲಿಂದ ಎಣಿಸಬೇಕು. ಮೂರು ಸ್ಥಿರ ಜಾಗ, ಒಂದೊಂದರಲ್ಲಿ ಹತ್ತು ನಿಮಿಷ. ಬೆಳಿಗ್ಗೆ ಪುರಿ ಬೀಳುವ ಮೊದಲು ಒಂದು ಸಲ, ಬಿದ್ದ ಮೇಲೆ ಒಂದು ಸಲ. ಓಡಾಡುವ ಮೀನನ್ನು ಒಂದೊಂದಾಗಿ ಕೂಡುತ್ತಾ ಹೋದರೆ ಅದೇ ಮೀನು ಹತ್ತು ಸಲ ಲೆಕ್ಕಕ್ಕೆ ಬರುತ್ತದೆ. ಅದರ ಬದಲು ಆ ಹತ್ತು ನಿಮಿಷದಲ್ಲಿ ಒಂದೇ ನೋಟಕ್ಕೆ ಕಂಡ ಗರಿಷ್ಠ ಸಂಖ್ಯೆಯನ್ನು ಜಾತಿವಾರು ಬರೆಯಬೇಕು. ಕಡಲಲ್ಲಿ ವಿಡಿಯೊ ಕ್ಯಾಮೆರಾ ಇಳಿಸಿ ಎಣಿಸುವವರೂ ಇದೇ ಕ್ರಮ ಬಳಸುತ್ತಾರೆ. ಪೋಲರಾಯ್ಡ್ ಕನ್ನಡಕ ಹಾಕಿದರೆ ನೀರಿನ ಮೇಲಿನ ಹೊಳಪು ಕಡಿಮೆಯಾಗುತ್ತದೆ. ಮುಳುಗಿದ ಮೆಟ್ಟಿಲಿನ ಅಗಲವನ್ನು ಅಳೆದಿಟ್ಟುಕೊಂಡರೆ ಮೀನಿನ ಉದ್ದಕ್ಕೆ ಅದೇ ಅಳತೆಗೋಲು.

ಎರಡು ಹೊತ್ತಿನ ಎಣಿಕೆಗಳ ನಡುವೆ ದೊಡ್ಡ ಅಂತರ ಬಂದರೆ ಅದು ಪುರಿಯ ಸೆಳೆತ. ಅಲ್ಲಿ ಕಂಡ ದಟ್ಟಣೆಯನ್ನು ಇಡೀ ನದಿಗೆ ಹಿಗ್ಗಿಸಿ ಹೇಳಬಾರದು. ಪ್ರವಾಸಿಗರು ಬ್ರೆಡ್ ಎಸೆಯುವ ಕಡಲ ತಾಣಗಳಲ್ಲೂ ಮೀನಿನ ಎಣಿಕೆ ಹೀಗೇ ಉಬ್ಬುತ್ತದೆ. ಕೆಳಹರಿವಿನ ಮೀನುಗಾರರ ಹತ್ತಿರ ಮಾತಾಡುವಾಗ ‘ಮೀನು ಕಡಿಮೆಯಾಗಿದೆಯಾ?’ ಎಂದು ಕೇಳಿದರೆ ‘ಹೌದು’ ಎಂದೇ ಉತ್ತರ ಬರುತ್ತದೆ. ಯಾವ ಬಲೆ, ಬಲೆಯ ಕಣ್ಣು ಎಷ್ಟು ದೊಡ್ಡದು, ಎಷ್ಟು ಹೊತ್ತು, ಎಷ್ಟು ಕೆ.ಜಿ. ಎಂದು ಕೇಳಬೇಕು. ಇಪ್ಪತ್ತು ಪುಟದ ಈ ವರದಿ, ಅದರ ಮೂಲ ದತ್ತಾಂಶದ ಸಮೇತ, ಸಂದರ್ಶನದಲ್ಲಿ ವಿದೇಶದ ಪ್ರಮಾಣಪತ್ರಕ್ಕಿಂತ ಹೆಚ್ಚು ಮಾತಾಡುತ್ತದೆ.

ನೀರು, ಗಾಳಿ, ಘಾಟಿ

ಈಜನ್ನು ಈಜುಕೊಳದಲ್ಲಿ, ತರಬೇತುದಾರರ ಕಣ್ಣೆದುರೇ ಕಲಿಯಬೇಕು. ಹೇಮಾವತಿ ಹಿನ್ನೀರು, ಕಾವೇರಿಯ ಮಡು ಇದಕ್ಕೆ ಖಂಡಿತ ಬೇಡ. ಗುರಿ ಸ್ಪಷ್ಟ: ನಿಲ್ಲದೆ 200 ಮೀಟರ್ ಈಜು, ಏನೂ ಹಿಡಿಯದೆ 10 ನಿಮಿಷ ತೇಲುವುದು. ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸಿನಲ್ಲಿ ಕೇಳುವುದು ಇಷ್ಟು. ವೃತ್ತಿಗೆ ಇದರ ನಾಲ್ಕು ಪಟ್ಟು ಇರಲಿ. ಕೊಳದಲ್ಲೇ ಮಾಸ್ಕ್ ಹಾಕಿ ಇನ್ನೊಂದು ಅಭ್ಯಾಸ ಮಾಡಬಹುದು. ನೀರೊಳಗೆ ಮಾಸ್ಕಿನ ಗಾಜಿನಿಂದ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ, ಆದ್ದರಿಂದ ಹೊಸಬರು 30 ಸೆಂ.ಮೀ. ಮೀನನ್ನು 40 ಎಂದು ಬರೆಯುತ್ತಾರೆ. 10ರಿಂದ 60 ಸೆಂ.ಮೀ.ವರೆಗೆ ಕತ್ತರಿಸಿದ ಪಿ.ವಿ.ಸಿ. ಪೈಪಿನ ತುಂಡುಗಳನ್ನು ಗೆಳತಿಯೊಬ್ಬಳು ತಳದಲ್ಲಿ ಹರಡಲಿ, ಇವಳು ಉದ್ದ ಊಹಿಸಿ ಬರೆದು ಆಮೇಲೆ ತಾಳೆ ನೋಡಲಿ.

ಕೋರ್ಸಿಗೆ ಮೊದಲು ಕಿವಿ, ಮೂಗು, ಶ್ವಾಸಕೋಶದ ತಪಾಸಣೆ ಆಗಬೇಕು. ಅಸ್ತಮಾ, ಮೂರ್ಛೆ, ಕಿವಿತಮಟೆಯ ತೊಂದರೆ ಇದ್ದರೆ ಮುಚ್ಚಿಡುವುದು ಜೀವಕ್ಕೇ ಅಪಾಯ. ಭಾರತದಲ್ಲಿ ಓಪನ್ ವಾಟರ್ ಕೋರ್ಸಿಗೆ ಸುಮಾರು 25ರಿಂದ 40 ಸಾವಿರ, ಮೂರು ನಾಲ್ಕು ದಿನ, ಮಿತಿ 18 ಮೀಟರ್ ಆಳ.

ಕೋರ್ಸ್ ಮುಗಿದ ತಕ್ಷಣ ಸಮೀಕ್ಷೆ ಮಾಡಲು ಯಾಕೆ ಆಗುವುದಿಲ್ಲ ಎಂಬುದಕ್ಕೆ ಗಾಳಿಯ ಲೆಕ್ಕ ನೋಡಿ. 12 ಲೀಟರ್ ಸಿಲಿಂಡರ್, 200 ಬಾರ್ ಒತ್ತಡ (ಒಂದು ಬಾರ್ ಎಂದರೆ ಸುಮಾರು ದಡದ ಗಾಳಿಯೊತ್ತಡ). ಮೇಲೆ ಬರಲು 50 ಬಾರ್ ಮೀಸಲು. ಉಳಿದದ್ದು 1,800 ಲೀಟರ್. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 40 ಲೀಟರ್ ಬೇಕು, 45 ನಿಮಿಷ ಸಿಗುತ್ತದೆ. ಗಾಬರಿಯಲ್ಲಿ 25 ಲೀಟರ್ ಎಳೆಯುವ ಹೊಸಬರಿಗೆ ಸಿಗುವುದು 36 ನಿಮಿಷ. ಟೇಪ್ ಹಾಸಿ, ಮೀನು ಎಣಿಸಿ, 160 ಬಿಂದು ಬರೆದು, ಟೇಪ್ ಸುತ್ತಿಕೊಳ್ಳಲು ಅದು ಸಾಲದು. 5 ಮೀಟರಿನಲ್ಲಾದರೆ 20 ಲೀಟರಿನವರಿಗೆ ಒಂದು ಗಂಟೆ ಸಿಗುತ್ತದೆ. ಹೀಗಾಗಿ ಮೊದಲ ಸಮೀಕ್ಷೆಗಳು ಆಳವಿಲ್ಲದ ಕಡೆ, ಸಾಧ್ಯವಾದರೆ ಬರೀ ಉಸಿರುಕೊಳವೆಯ ಸ್ನಾರ್ಕೆಲ್‌ನಲ್ಲಿ ನಡೆಯಲಿ.

ಮಲೆನಾಡಿನವರಿಗೇ ವಿಶೇಷವಾದ ಅಪಾಯ ಒಂದಿದೆ, ಡೈವಿಂಗ್ ಅಂಗಡಿಯಲ್ಲಿ ಕೇಳದೆ ಇದನ್ನು ಹೇಳದಿರಬಹುದು. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕೆಂಬ ಸಲಹೆ ಇದೆ. ಅದು ಸುಮಾರು 600ರಿಂದ 2,400 ಮೀಟರ್ ಎತ್ತರದ ಗಾಳಿಯೊತ್ತಡಕ್ಕೆ ಹೇಳಿದ ಮಾತು. ಸಕಲೇಶಪುರ, ಹಾಸನ 900 ಮೀಟರಿಗೂ ಮೇಲಿವೆ, ಚಿಕ್ಕಮಗಳೂರು 1,000 ಮೀಟರಿಗೂ ಮೇಲೆ. ಮುರುಡೇಶ್ವರದಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ಅದೇ ಸಂಜೆ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿದರೆ, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಕೀಲು ನೋವಿನಿಂದ ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಕೊನೆಯ ಡೈವ್ ಆದ ಮೇಲೆ ಒಂದು ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಘಾಟಿ ಹತ್ತಬೇಕು. ಆ ರಾತ್ರಿಯ ಕೋಣೆ ಬಾಡಿಗೆಯನ್ನು ಖರ್ಚಿನ ಪಟ್ಟಿಯಲ್ಲೇ ಬರೆದಿಡಿ.

ಓದು ಮತ್ತು ಹಣದ ಹಂಚಿಕೆ

ಎಂ.ಎಸ್ಸಿ.ಗೆ ಹತ್ತಿರದ್ದು ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರ ಕೇಂದ್ರದ ಕಡಲ ಜೀವಶಾಸ್ತ್ರ ವಿಭಾಗ. ಹವಳವೇ ಗುರಿಯಾದರೆ ನಮ್ಮ ಮೊದಲ ಸಲಹೆ ಪೋರ್ಟ್ ಬ್ಲೇರ್‌ನಲ್ಲಿರುವ ಪಾಂಡಿಚೇರಿ ವಿಶ್ವವಿದ್ಯಾಲಯದ ವಿಭಾಗ, ಯಾಕೆಂದರೆ ದಿಬ್ಬ ಅಲ್ಲಿ ಊರಿನ ಬದಿಯಲ್ಲೇ ಇದೆ; ಪ್ರವೇಶ ಸಿ.ಯು.ಇ.ಟಿ. ಪಿ.ಜಿ. ಎಂಬ ರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಮೂಲಕ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ, ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ ಇವೂ ಒಳ್ಳೆಯವು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಬಿ.ಎಫ್.ಎಸ್ಸಿ. (ಮೀನುಗಾರಿಕಾ ವಿಜ್ಞಾನ ಪದವಿ) ದಾರಿ ಪಿ.ಯು.ಸಿ. ಆದ ಕೂಡಲೇ ಹಿಡಿಯಬೇಕಾದದ್ದು. ಇವಳಿಗೆ ಅದು ದಾಟಿಹೋಗಿದೆ, ತಮ್ಮ ತಂಗಿಯರಿಗೆ ಹೇಳಬಹುದು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪ್ರಾಣಿಶಾಸ್ತ್ರದ ಪದವಿ ಸಾಕು. ಅದರಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕು ಗಂಟೆಯಲ್ಲಿ 14 ಕಿ.ಮೀ. ನಡಿಗೆ ಇದೆ, ಕಾಫಿ ತೋಟದ ಏರಿಳಿತದಲ್ಲಿ ಬೆಳೆದವರಿಗೆ ಅದು ದೊಡ್ಡದಲ್ಲ. ಜೊತೆಗೆ ಒಂದು ಭಾಷೆ ಕಲಿಯಲೇಬೇಕು: ಮನ್ನಾರಿಗೆ ತಮಿಳು, ಲಕ್ಷದ್ವೀಪಕ್ಕೆ ಮಲಯಾಳ, ಅಂಡಮಾನಿಗೆ ಹಿಂದಿ. ದೋಣಿಯವರ ಜೊತೆ ಮಾತಾಡಲಾಗದವರ ಸಮೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ.

2.5 ಲಕ್ಷದ ಹಂಚಿಕೆ ಹೀಗಿರಬಹುದು. ಈಜು ಮತ್ತು ಮಾಸ್ಕ್, ಸ್ನಾರ್ಕೆಲ್, ಫಿನ್‌ಗೆ 12,000. ಹಳ್ಳ ಮತ್ತು ರಾಮನಾಥಪುರದ ಕೆಲಸದ ಓಡಾಟಕ್ಕೆ 8,000. ಲ್ಯಾಪ್‌ಟಾಪ್ 50,000, ಲೆಕ್ಕಕ್ಕೆ ಬೇಕಾದ ಆರ್, ನಕ್ಷೆಗೆ ಬೇಕಾದ ಕ್ಯೂಜಿಐಎಸ್ ತಂತ್ರಾಂಶಗಳು ಉಚಿತ. ಪ್ರವೇಶ ಪರೀಕ್ಷೆಗಳ ಶುಲ್ಕ, ಪ್ರಯಾಣಕ್ಕೆ 15,000. ಪದವಿಯ ಕೊನೆಯ ಪರೀಕ್ಷೆಗೆ ಮುಂಚೆ, ಮಳೆಗಾಲವಲ್ಲದ ತಿಂಗಳಲ್ಲಿ, ಓಪನ್ ವಾಟರ್ ಕೋರ್ಸಿಗೆ ವಸತಿ ಸೇರಿ 45,000. ಉಳಿಯುವ 1.2 ಲಕ್ಷ ಎಂ.ಎಸ್ಸಿ. ಹಾಸ್ಟೆಲಿಗೆ. ಡೈವಿಂಗಿನ ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸನ್ನು ಈಗ ಸ್ವಂತ ಹಣದಲ್ಲಿ ಮಾಡುವುದು ಬೇಡ. ಯೋಜನೆಗೆ ಸೇರಿದಾಗ ಎಷ್ಟೋ ಸಲ ಅಲ್ಲೇ ವ್ಯವಸ್ಥೆಯಾಗುತ್ತದೆ.

ಕಿವಿ ಒತ್ತಡಕ್ಕೆ ಒಗ್ಗದೇ ಹೋದರೆ? ಓಪನ್ ವಾಟರ್ ಕೋರ್ಸಿನಲ್ಲೇ ಅದು ಗೊತ್ತಾಗುತ್ತದೆ, ಆಗಲೂ ಕಳೆದದ್ದು 45,000 ಮಾತ್ರ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದ ತಾಪಮಾನ ಆಧರಿಸಿ ಹವಳ ಬಿಳಿಚುವಿಕೆಯ ಮುನ್ಸೂಚನೆ ಹೊರಡಿಸುತ್ತದೆ. ಸೆಂಟಿನೆಲ್–2 ಉಪಗ್ರಹಗಳ 10 ಮೀಟರ್ ಸ್ಪಷ್ಟತೆಯ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಆಳವಿಲ್ಲದ ದಿಬ್ಬದ ನಕ್ಷೆಗೆ ಅಷ್ಟು ಸಾಕಾಗುತ್ತದೆ. ವನ್ಯಧಾಮದ ನಿರ್ವಹಣಾ ಯೋಜನೆ ಬರೆಯುವುದು, ಮೀನುಗಾರರ ಜೊತೆ ಗಡಿ ಗೊತ್ತುಮಾಡುವುದು, ದೋಣಿ ಸಂಚಾರದ ನಿಯಮ ರೂಪಿಸುವುದು ಇವೆಲ್ಲ ದಡದ ಕೆಲಸಗಳೇ. ಹಳ್ಳದಲ್ಲಿ ಕಲಿತ ಟೇಪಿನ ಲೆಕ್ಕ, ರಾಮನಾಥಪುರದ ಎಣಿಕೆ ಇವಕ್ಕೂ ಅಷ್ಟೇ ಬೇಕಾಗುತ್ತವೆ.